ಎಡಕ್ಕೋ, ಬಲಕ್ಕೋ? ಬರೀ ‘ಅಕ್ಕೆ’

ಎಡಕ್ಕೆ, ಬಲಕ್ಕೆ, ಹಿಂದಕ್ಕೆ, ಮುಂದಕ್ಕೆ. ನಾಲ್ಕೂ ಮಾತಿನ ಬಾಲ ಒಂದೇ. ಬಯಲಿನಲ್ಲಿ ನಿಂತು ಪಿ.ಟಿ. ಮಾಸ್ತರು ಕೂಗಿದರೆ ನಾಲ್ಕೂ ಬೇರೆ ಬೇರೆಯಾಗಿ ಕೇಳುತ್ತವೆ. ಅದೇ ಮಾಸ್ತರು, ಅದೇ ದನಿಯಲ್ಲಿ, ಸಿಮೆಂಟಿನ ಗೋಡೆ ಮತ್ತು ತಗಡಿನ ಚಾವಣಿಯ ಒಳಾಂಗಣದಲ್ಲಿ ಕೂಗಲಿ. ಮಕ್ಕಳಿಗೆ ತಲುಪುವುದು ‘ಅಕ್ಕೆ... ಅಕ್ಕೆ... ಅಕ್ಕೆ’ ಅಷ್ಟೇ. ಅರ್ಧ ಮಂದಿ ಎಡಕ್ಕೆ ಓಡುತ್ತಾರೆ, ಉಳಿದವರು ಅವರನ್ನು ನೋಡಿ ಓಡುತ್ತಾರೆ. ಸೀಟಿ ಮಾತ್ರ ಎಲ್ಲರಿಗೂ ಸ್ಪಷ್ಟ. ಸೀಟಿಗೆ ಅಕ್ಷರಗಳಿಲ್ಲವಲ್ಲ!

ಮಾತಿನಲ್ಲಿ ಜೋರೆಲ್ಲ ಸ್ವರಗಳದ್ದು, ಅರ್ಥದ ಬಹುಪಾಲು ವ್ಯಂಜನಗಳದ್ದು. ‘ಆ’, ‘ಓ’ ಎಂದು ಎಷ್ಟು ಹೊತ್ತು ಬೇಕಾದರೂ ಎಳೆಯಬಹುದು. ‘ಟ’ವನ್ನೋ ‘ಬ’ವನ್ನೋ ಎಳೆದು ನೋಡಿ, ಆಗುವುದಿಲ್ಲ. ಅವು ಚಿಟಿಕೆ ಹೊಡೆದಂತೆ ಬಂದು ಹೋಗುತ್ತವೆ. ಹಿಂದಿನ ಅಕ್ಷರದ ಸ್ವರ ಗೋಡೆಯಿಂದ ಗೋಡೆಗೆ ಪುಟಿಯುತ್ತಲೇ ಇರುವಾಗ ಮುಂದಿನ ಅಕ್ಷರದ ವ್ಯಂಜನ ಬಂದರೆ ಅದರಡಿ ಹೂತುಹೋಗುತ್ತದೆ. ಹೀಗೆ ಸದ್ದು ನಿಂತ ಮೇಲೂ ಕೋಣೆಯಲ್ಲಿ ಉಳಿಯುವ ಕಲಸುಮೇಲೋಗರದ ಬಾಲಕ್ಕೆ ಅನುರಣನ ಎನ್ನುತ್ತಾರೆ. ಪ್ರತಿಧ್ವನಿ ಬೇರೆ. ದೂರದ ಗುಡ್ಡಕ್ಕೆ ಕೂಗಿದಾಗ ಮಾತು ಬಿಡಿಯಾಗಿ, ತಡವಾಗಿ ವಾಪಸು ಬರುವುದು ಪ್ರತಿಧ್ವನಿ. ನೂರಾರು ಪುಟ್ಟ ಪ್ರತಿಧ್ವನಿಗಳು ಒಂದರ ಮೇಲೊಂದು ಬಿದ್ದು ಗುಂಯ್ ಎಂದರೆ ಅನುರಣನ.

ಇದು ಈಗೇಕೆ ನೆನಪಾಯಿತೆಂದರೆ, ನಮ್ಮ ಅವಳಿ ನಗರದಲ್ಲಿ ಒಳಾಂಗಣ ಆಟದ ಮನೆ ಕಟ್ಟುವ ಹುಮ್ಮಸ್ಸು ಎದ್ದಿದೆ. ತಪ್ಪೇನಿಲ್ಲ. ಧಾರವಾಡದ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಬಯಲಿನಲ್ಲಿ ವಾರಗಟ್ಟಲೆ ಆಟವಿಲ್ಲ. ಹುಬ್ಬಳ್ಳಿಯ ಬೇಸಿಗೆಯ ಧೂಳು ಇನ್ನೊಂದು ಕತೆ. ಮೊಮ್ಮಗಳ ಬ್ಯಾಡ್ಮಿಂಟನ್ ಅಭ್ಯಾಸಕ್ಕೆಂದು ಇಂಥ ಒಂದು ಹಾಲ್‌ನಲ್ಲಿ ನಾನು ಎರಡು ತಿಂಗಳು ಬೆಂಚು ಸವೆಸಿದೆ. ‘ಅಜ್ಜಾ, ಸೀಟಿ ಕೇಳಸ್ತದ, ಸರ್ ಹೇಳಿದ್ದು ತಿಳಿಯೂದಿಲ್ಲ’ ಎಂದು ಅವಳೇ ಹೇಳಿದ್ದು. ಅವಳ ಜೊತೆಗೆ ಬರುತ್ತಿದ್ದ ಹುಡುಗನೊಬ್ಬ ಶ್ರವಣಯಂತ್ರ ಹಾಕುತ್ತಿದ್ದ. ಚುರುಕಾದ ಕೈ, ಒಳ್ಳೆ ಕಾಲು. ಆದರೆ ಆ ಹಾಲ್‌ನಲ್ಲಿ ಯಂತ್ರ ಸರ್ ಮಾತನ್ನೂ ದೊಡ್ಡದು ಮಾಡುತ್ತಿತ್ತು, ಗದ್ದಲವನ್ನೂ ದೊಡ್ಡದು ಮಾಡುತ್ತಿತ್ತು. ಮೂರನೇ ವಾರ ಅವನು ಬರುವುದು ನಿಲ್ಲಿಸಿದ. ತಲೆನೋವು ಬರುತ್ತದಂತೆ ಎಂದು ಅವನ ತಾಯಿ ಹೇಳಿದರು. ಚೆನ್ನಾಗಿ ಕಿವಿ ಕೇಳುವ ಮಕ್ಕಳಿಗೂ ಗದ್ದಲದಲ್ಲಿ ಮಾತು ಹೆಕ್ಕಿಕೊಳ್ಳುವುದು ದೊಡ್ಡವರಿಗಿಂತ ಕಷ್ಟ. ಪೂರ್ತಿ ಕೇಳದ ಶಬ್ದವನ್ನು ಊಹಿಸಿ ತುಂಬಿಕೊಳ್ಳುವಷ್ಟು ಅನುಭವ ಅವರಲ್ಲಿ ಇನ್ನೂ ಬೆಳೆದಿರುವುದಿಲ್ಲ.

ಅನುರಣನದ ಅರಮನೆ ನೋಡಬೇಕೆಂದರೆ ದೂರ ಹೋಗಬೇಕಿಲ್ಲ, ವಿಜಯಪುರಕ್ಕೆ ಹೋದರೆ ಸಾಕು. ಶಾಲೆಯ ಪ್ರವಾಸದಲ್ಲಿ ನಿಮ್ಮಲ್ಲಿ ಬಹಳ ಮಂದಿ ಗೋಲಗುಮ್ಮಟ ಹತ್ತಿಯೇ ಇರುತ್ತೀರಿ. 1656ರ ಹೊತ್ತಿಗೆ ಕಟ್ಟಿದ ಮುಹಮ್ಮದ್ ಆದಿಲ್‌ಶಾಹನ ಗೋರಿ ಅದು. ಒಳಗೆ ಒಂದೊಂದು ಬದಿ ಸುಮಾರು 41 ಮೀಟರ್ ಇರುವ ಚೌಕ, ನಡುವೆ ಒಂದೂ ಕಂಬವಿಲ್ಲ, ಮೇಲೆ ದೈತ್ಯ ಗುಮ್ಮಟ. ಎಲ್ಲವೂ ಕಲ್ಲು, ಇಟ್ಟಿಗೆ, ಗಾರೆ. ಸದ್ದನ್ನು ಹೀರುವ ವಸ್ತು ಒಂದೂ ಇಲ್ಲ. ಒಂದು ಕೂಗು ಏಳು ಸಲ ವಾಪಸು ಬರುತ್ತದೆ ಎನ್ನುವವರಿದ್ದಾರೆ, ಹತ್ತು ಸಲ ಎನ್ನುವವರೂ ಇದ್ದಾರೆ. ನೂರು ಮಕ್ಕಳು ಒಟ್ಟಿಗೆ ಕೂಗುತ್ತಿರುವಾಗ ಎಣಿಸುವವರು ಯಾರು? ಮೇಲಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಎದುರು ಬದಿಗೆ ಕೇಳುವುದು ಇನ್ನೊಂದು ಸೋಜಿಗ. ಸದ್ದು ಬಾಗಿದ ಗೋಡೆಯನ್ನೇ ಅಂಟಿಕೊಂಡು ಸಾಗುತ್ತದೆ. ಸಿ.ವಿ. ರಾಮನ್ ಅವರು 1921-22ರ ಸುಮಾರಿಗೆ ಪಿಸುಮಾತಿನ ಗ್ಯಾಲರಿಗಳ ಬಗ್ಗೆ ಅಧ್ಯಯನ ಮಾಡಿದಾಗ ನಮ್ಮ ಗುಮ್ಮಟವನ್ನೂ ಅದರಲ್ಲಿ ಸೇರಿಸಿಕೊಂಡಿದ್ದರು. ನೋಡಲು ಗುಮ್ಮಟ ಚೆಂದ. ಆದರೆ ಅದರೊಳಗೆ ಕಬಡ್ಡಿ ಕಲಿಸಿ ನೋಡೋಣ!

ನಮ್ಮ ಹಿರಿಯರು ವ್ಯಾಯಾಮಕ್ಕೆ ಕಟ್ಟಿಕೊಂಡಿದ್ದು ಗರಡಿ ಮನೆ. ಹುಬ್ಬಳ್ಳಿ, ಧಾರವಾಡದ ಹಳೆಯ ಓಣಿಗಳಲ್ಲಿ ನಾನು ಹುಡುಗನಾಗಿದ್ದಾಗ ನೋಡಿದ ಗರಡಿಗಳೆಲ್ಲ ಸಣ್ಣವು. ತಲೆ ಬಗ್ಗಿಸಿ ಒಳಹೋಗುವ ಬಾಗಿಲು, ದಪ್ಪ ಮಣ್ಣಿನ ಗೋಡೆ, ಮೇಲೆ ಹಂಚು, ಮೂಲೆಯಲ್ಲಿ ಹನುಮಪ್ಪ. ಕೆಳಗೆ ಎಣ್ಣೆ, ಅರಿಸಿನ ಬೆರೆಸಿ ದಿನಾ ಅಗೆದು ಸಡಿಲ ಮಾಡಿದ ಕೆಂಪು ಮಣ್ಣಿನ ಕಣ. ಪೈಲ್ವಾನನೊಬ್ಬ ನೆಲಕ್ಕೆ ಬಿದ್ದರೆ ‘ಧಪ್’ ಎಂದು ಒಂದೇ ಸದ್ದು, ಅದೂ ಅಲ್ಲೇ ಮಣ್ಣಿನಲ್ಲಿ ಮುಗಿಯಿತು. ಉಸ್ತಾದರು ಮೂಲೆಯಲ್ಲಿ ಕೂತು ಮೆಲ್ಲಗೆ ‘ಕಾಲು ಹಿಡಿ’ ಎಂದರೂ ಕಣದ ನಡುವೆ ಕೇಳುತ್ತಿತ್ತು. ಅವರು ಇದನ್ನು ಸದ್ದಿನ ಲೆಕ್ಕ ಹಾಕಿ ಕಟ್ಟಿದರು ಅಂತ ನಾನು ಹೇಳುವುದಿಲ್ಲ. ಬಿದ್ದರೆ ಪೆಟ್ಟಾಗಬಾರದು, ಒಳಗೆ ತಂಪಿರಬೇಕು ಎಂದು ಕಟ್ಟಿದರು. ಆದರೆ ಸಣ್ಣ ಅಳತೆ ಮತ್ತು ಮೆತ್ತನೆಯ ನೆಲ, ಇವೆರಡೂ ಸದ್ದಿಗೆ ಒಳ್ಳೆಯ ಔಷಧ. ಈಗಿನ ಹಾಲ್‌ನಲ್ಲಿ ಅಳತೆ ದೊಡ್ಡದು, ನೆಲ ಗಟ್ಟಿ. ಎರಡೂ ಔಷಧ ಹೋದವು.

ಇನ್ನು ನನ್ನ ಕಸುಬಿಗೆ ಬರುತ್ತೇನೆ. ಮೂರು ದಶಕಕ್ಕೂ ಹೆಚ್ಚು ಕಾಲ ಬ್ಯಾಂಕಿನ ಲೆಜರ್ ಬರೆದವನಿಗೆ ಹಾಲ್ ಕೂಡ ಒಂದು ಖಾತೆಯಂತೆ ಕಾಣುತ್ತದೆ. ಕೂಗಿದ್ದು ಜಮಾ. ಗೋಡೆ, ನೆಲ, ಚಾವಣಿ ಹೀರಿಕೊಂಡದ್ದು ಖರ್ಚು. ಬಿ.ಕಾಂ. ಓದುವಾಗ ಸವಕಳಿಯ ಲೆಕ್ಕ ಕಲಿಸುತ್ತಿದ್ದರು: ಯಂತ್ರದ ಬೆಲೆಯಲ್ಲಿ ವರ್ಷಕ್ಕೆ ಇಂತಿಷ್ಟು ಶೇಕಡ ಕಳೆ, ಮುಂದಿನ ವರ್ಷ ಉಳಿದದ್ದರ ಮೇಲೆ ಮತ್ತೆ ಅಷ್ಟೇ ಶೇಕಡ ಕಳೆ. ಸದ್ದು ಸವೆಯುವುದೂ ಹೀಗೆಯೇ.

ಒಂದು ಶಾಲೆಯ ಹಾಲ್ ತೆಗೆದುಕೊಳ್ಳಿ. ಉದ್ದ 30 ಮೀಟರ್, ಅಗಲ 20, ಎತ್ತರ 8. ಒಳಗಿನ ಗಾಳಿ 4,800 ಘನ ಮೀಟರ್. ನೆಲ 600 ಚದರ ಮೀಟರ್, ಚಾವಣಿ 600, ನಾಲ್ಕು ಗೋಡೆ ಸೇರಿ 800, ಒಟ್ಟು 2,000. ಬಣ್ಣ ಬಳಿದ ಸಿಮೆಂಟು, ಗಾಜು, ತಗಡು, ಗಟ್ಟಿ ನೆಲ ಇವೆಲ್ಲ ತಮಗೆ ಬಡಿದ ಸದ್ದಿನಲ್ಲಿ ನೂರಕ್ಕೆ ಕೆಲವೇ ಪಾಲು ಹೀರುತ್ತವೆ. ಸರಾಸರಿ ನೂರಕ್ಕೆ 5 ಎಂದಿಟ್ಟುಕೊಳ್ಳೋಣ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಈ ಅಳತೆಯ ಹಾಲ್‌ನಲ್ಲಿ ಒಂದು ಸೆಕೆಂಡಿಗೆ ಸುಮಾರು 35 ಸಲ ಎಲ್ಲಾದರೂ ಬಡಿಯುತ್ತದೆ. ಪ್ರತಿ ಸಲ ನೂರಕ್ಕೆ 5 ಕಳೆಯುತ್ತ ಹೋಗಿ. ಸದ್ದಿನ ಬಲ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಲು ಸುಮಾರು 270 ಬಡಿತ ಬೇಕು. ಅಂದರೆ ಏಳೂವರೆ ಸೆಕೆಂಡು! ಅನುರಣನ ಕಾಲ ಎಂದು ಲೆಕ್ಕ ಹಿಡಿಯುವುದು ಈ ಹತ್ತು ಲಕ್ಷದ ಇಳಿತವನ್ನೇ. ಏಳೂವರೆ ಸೆಕೆಂಡಿನಲ್ಲಿ ಮಾಸ್ತರು ಎಷ್ಟು ಅಕ್ಷರ ಆಡುತ್ತಾರೆ, ನೀವೇ ಎಣಿಸಿ.

ಇಷ್ಟೆಲ್ಲ ಬಡಿತ ಎಣಿಸುವ ಗೋಜು ಬೇಡ ಎಂದು ಸೂತ್ರ ಕೊಟ್ಟವರು ಅಮೆರಿಕದ ವ್ಯಾಲೇಸ್ ಸಬೀನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಕಟ್ಟಡವೊಂದರಲ್ಲಿ ಉಪನ್ಯಾಸದ ಕೋಣೆ ಮಾತಿಗೆ ನಿರುಪಯೋಗಿ ಎಂದು ಗೊತ್ತಾಯಿತು. ಸದ್ದು ಐದೂವರೆ ಸೆಕೆಂಡು ಉಳಿಯುತ್ತಿತ್ತು. ಸರಿಮಾಡು ಎಂದು ತರುಣ ಅಧ್ಯಾಪಕ ಸಬೀನ್‌ಗೆ ಒಪ್ಪಿಸಿದರು. ಆತ ಮಾಡಿದ್ದು ಕೇಳಿದರೆ ಮಕ್ಕಳಿಗೆ ಖುಷಿಯಾದೀತು. ಊರಿನ ಸದ್ದೆಲ್ಲ ಅಡಗಿದ ರಾತ್ರಿಯಲ್ಲಿ ಪಕ್ಕದ ನಾಟಕಶಾಲೆಯ ಕುರ್ಚಿಗಳ ಮೆತ್ತೆಗಳನ್ನು ಹೊತ್ತು ತರುವುದು, ಆರ್ಗನ್ ವಾದ್ಯದ ಕೊಳವೆಯೊಂದನ್ನು ನುಡಿಸಿ ನಿಲ್ಲಿಸುವುದು, ಸದ್ದು ಕಿವಿಗೆ ಪೂರ್ತಿ ಅಡಗುವವರೆಗೆ ಗಡಿಯಾರ ನೋಡುವುದು. ಮೆತ್ತೆ ಹೆಚ್ಚಿಸುವುದು, ಮತ್ತೆ ನೋಡುವುದು. ಬೆಳಗಾಗುವ ಮುಂಚೆ ಮೆತ್ತೆಗಳೆಲ್ಲ ವಾಪಸು ಸ್ವಸ್ಥಾನಕ್ಕೆ! ಕೊನೆಗೆ ಆತನಿಗೆ ಸಿಕ್ಕಿದ್ದು ಇಷ್ಟೇ: ಕೋಣೆಯ ಗಾತ್ರವನ್ನು 0.161ರಿಂದ ಗುಣಿಸಿ, ಒಟ್ಟು ಹೀರುವಿಕೆಯಿಂದ ಭಾಗಿಸಿದರೆ ಸೆಕೆಂಡು ಸಿಗುತ್ತದೆ. ಹೀರುವಿಕೆ ಅಳೆಯಲು ಆತ ಇಟ್ಟುಕೊಂಡ ಮಾನ ತೆರೆದ ಕಿಟಕಿ. ತೆರೆದ ಕಿಟಕಿಯಿಂದ ಹೊರಹೋದ ಸದ್ದು ವಾಪಸು ಬರುವುದಿಲ್ಲ, ಹಾಗಾಗಿ ಅದು ನೂರಕ್ಕೆ ನೂರು ಹೀರಿದಂತೆ. ಬಯಲಿನಲ್ಲಿ ಮಾಸ್ತರ ಮಾತು ಕೇಳುವುದು ಇದಕ್ಕೇ. ಬಯಲೆಂದರೆ ಬರೀ ಕಿಟಕಿ.

ನಮ್ಮ ಹಾಲ್‌ನ 2,000 ಚದರ ಮೀಟರ್ ನೂರಕ್ಕೆ 5ರಂತೆ ಹೀರಿದರೆ 100 ಚದರ ಮೀಟರ್ ಕಿಟಕಿಗೆ ಸಮ. ಸೂತ್ರ ಹಾಕಿದರೆ 7.7 ಸೆಕೆಂಡು. ಬಡಿತ ಎಣಿಸಿದ ಲೆಕ್ಕಕ್ಕೂ ಇದಕ್ಕೂ ಹೆಚ್ಚು ಕಡಿಮೆ ಹೊಂದಿತು. ‘ಮಂದಿ ತುಂಬಿದರೆ ಸರಿಹೋಗ್ತದ್ರೀ’ ಎನ್ನುವವರು ಇದ್ದೇ ಇರುತ್ತಾರೆ. ಒಬ್ಬ ಮನುಷ್ಯ ಬಟ್ಟೆಬರೆ ಸಮೇತ ಸುಮಾರು ಅರ್ಧ ಚದರ ಮೀಟರ್ ಕಿಟಕಿಗೆ ಸಮ. ನಲವತ್ತು ಮಕ್ಕಳು ಬಂದರೆ 20 ಸೇರಿತು, ಕಾಲ 6.4ಕ್ಕೆ ಇಳಿಯಿತು. ಆದರೆ ಆ ನಲವತ್ತು ಮಕ್ಕಳು ಬಾಯಿಯನ್ನೂ ಜೊತೆಗೆ ತಂದಿರುತ್ತಾರಲ್ಲ!

ಈಗ ಚಾವಣಿಯ ಅರ್ಧಕ್ಕೆ, ಅಂದರೆ 300 ಚದರ ಮೀಟರಿಗೆ, ನೂರಕ್ಕೆ 80 ಹೀರುವ ಹೊದಿಕೆ ಹಾಕಿ. ಒಟ್ಟು ಹೀರುವಿಕೆ 325. ಕಾಲ 2.4 ಸೆಕೆಂಡು. ಪೂರ್ತಿ ಚಾವಣಿಗೆ ಹಾಕಿದರೆ ಹೀರುವಿಕೆ 550, ಕಾಲ 1.4. ಮೊದಲ ಅರ್ಧ ಐದು ಸೆಕೆಂಡಿಗೂ ಹೆಚ್ಚು ಉಳಿಸಿತು, ಎರಡನೇ ಅರ್ಧ ಒಂದೇ ಸೆಕೆಂಡು. ಹಣ ಕಡಿಮೆ ಇದೆ ಎನ್ನುವ ಶಾಲೆಗಳು ಈ ಸಾಲನ್ನು ಎರಡು ಸಲ ಓದಬೇಕು. ಹೋಲಿಸಲು ಹೇಳುವುದಾದರೆ, ಬ್ರಿಟನ್ನಿನ ಶಾಲಾ ಕಟ್ಟಡಗಳ ನಿಯಮ ಹೊಸ ಆಟದ ಹಾಲ್‌ಗೆ ಅದರ ವಿಸ್ತೀರ್ಣ ನೋಡಿ ಒಂದೂವರೆಯಿಂದ ಎರಡು ಸೆಕೆಂಡಿನ ಮಿತಿ ಇಡುತ್ತದೆ. ನಮ್ಮಲ್ಲೂ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಸದ್ದಿಗೆಂದೇ ಒಂದು ಭಾಗವಿದೆ. ನಕಾಶೆ ಬರೆಯುವವರಿಗೆ ಅದನ್ನು ತೆಗೆದು ತೋರಿಸಬಹುದು.

ಇನ್ನೊಂದು ಲಾಭ ಸೂತ್ರದಲ್ಲಿ ಕಾಣುವುದಿಲ್ಲ. ಹೀರುವಿಕೆ 100ರಿಂದ 550ಕ್ಕೆ ಏರಿದರೆ ಅದೇ ಗಲಾಟೆ ಸುಮಾರು 7 ಡೆಸಿಬಲ್ ತಗ್ಗುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಸುತ್ತ ಗದ್ದಲವಿದ್ದರೆ ಮನುಷ್ಯ ತನಗೆ ಗೊತ್ತಿಲ್ಲದೆ ದನಿ ಏರಿಸುತ್ತಾನೆ ಎಂದು ಎಟಿಯೆನ್ ಲೊಂಬಾರ್ ಎಂಬ ಫ್ರೆಂಚ್ ವೈದ್ಯ 1911ರಲ್ಲೇ ಬರೆದಿದ್ದ. ಒಬ್ಬ ಏರಿಸಿದ್ದಕ್ಕೆ ಇನ್ನೊಬ್ಬ ಏರಿಸುತ್ತಾನೆ, ಚಕ್ರಬಡ್ಡಿಯ ಹಾಗೆ. ಗದ್ದಲ ಇಳಿದರೆ ಈ ಬಡ್ಡಿಯೂ ಇಳಿಯುತ್ತದೆ. ಮಾಸ್ತರಿಗೆ ಮೈಕು ಕೊಡುವುದು ಇದಕ್ಕೆ ತದ್ವಿರುದ್ಧ. ಸಾಲ ತೀರಿಸಲು ಸಾಲ ಮಾಡಿದ ಹಾಗೆ. ಮೈಕಿನ ಸದ್ದೂ ಅದೇ ಗೋಡೆಗಳಿಗೇ ಹೋಗಿ ಬಡಿಯಬೇಕು ತಾನೇ?

ಹಾಗಾದರೆ ಏನು ಹಾಕಬೇಕು? ಸದ್ದನ್ನು ಹೀರುವುದು ಗಾಳಿ ಆಡುವ ಸೂಕ್ಷ್ಮ ರಂಧ್ರಗಳ ವಸ್ತು. ಗಾಳಿ ಆ ರಂಧ್ರಗಳಲ್ಲಿ ತಿಕ್ಕಾಡಿ, ಸದ್ದು ಲವಲೇಶ ಶಾಖವಾಗಿ ಮುಗಿಯುತ್ತದೆ. ಖನಿಜ ಉಣ್ಣೆಯ ಹಾಸು, ಅದರ ಮೇಲೆ ತೂತು ಕೊರೆದ ತಗಡು. ಅಥವಾ ಮರದ ನಾರನ್ನು ಸಿಮೆಂಟಿನಲ್ಲಿ ಕಲಸಿ ಒತ್ತಿದ ಹಲಗೆ. ಇಂಥವು ಚೆಂಡಿನ ಪೆಟ್ಟನ್ನೂ ತಡೆಯಬೇಕು, ಇಲ್ಲವಾದರೆ ಒಂದೇ ವರ್ಷದಲ್ಲಿ ವಾಲಿಬಾಲ್ ಹುಡುಗರು ಚಿಂದಿ ಮಾಡುತ್ತಾರೆ. ಹಿಂದೆ ಒಂದಷ್ಟು ಗಾಳಿಯ ಜಾಗ ಬಿಟ್ಟು ಕೂಡಿಸಿದರೆ ಚೆಂಡಿನ ‘ಧಬ್’ನಂಥ ದಪ್ಪ ಸದ್ದನ್ನೂ ಹಿಡಿಯುತ್ತವೆ. ತೆಳು ಬಟ್ಟೆಯನ್ನು ಗೋಡೆಗೆ ಅಂಟಿಸಿದರೆ ಕೀರಲು ಸದ್ದು ಮಾತ್ರ ಹೋಗುತ್ತದೆ, ದಪ್ಪ ಸದ್ದು ಹಾಗೇ ಉಳಿಯುತ್ತದೆ. ಚಾವಣಿಗಷ್ಟೇ ಹಾಕಿ ಕೈತೊಳೆದುಕೊಂಡರೂ ಸಾಲದು. ಎದುರುಬದುರು ಬೋಳು ಗೋಡೆಗಳ ನಡುವೆ ಸದ್ದು ಅಡ್ಡಡ್ಡ ಓಡಾಡುತ್ತಲೇ ಇರುತ್ತದೆ, ಸೂತ್ರ ಹೇಳಿದ್ದಕ್ಕಿಂತ ಹೆಚ್ಚು ಹೊತ್ತು; ಚಪ್ಪಾಳೆ ತಟ್ಟಿದರೆ ‘ಟರ್‌ರ್‌’ ಎನ್ನುತ್ತದೆ. ಅಕ್ಕಪಕ್ಕದ ಎರಡು ಗೋಡೆಗಳಿಗೆ, ಮೂರು ಮೀಟರ್ ಎತ್ತರದಿಂದ ಮೇಲೆ, ಸ್ವಲ್ಪವಾದರೂ ಹೊದಿಕೆ ಬೇಕು. ಕಿಟಕಿ ತೆರೆದಿಡಬಾರದೇ ಎಂದು ಮೊಮ್ಮಗಳು ಕೇಳಿದಳು. ಒಳ್ಳೆ ಪ್ರಶ್ನೆ. ಗಾಳಿ ಬಂದರೆ ಶಟಲ್ ಕಾಕ್ ತನ್ನಿಷ್ಟದ ಕಡೆ ಹೋಗುತ್ತದೆ ಎಂದು ಅವಳೇ ಉತ್ತರವನ್ನೂ ಹೇಳಿದಳು.

ಒಂದು ಎಚ್ಚರಿಕೆ ಮಾತ್ರ ದೊಡ್ಡ ಅಕ್ಷರದಲ್ಲಿ ಓದಿಕೊಳ್ಳಿ. ಅಗ್ಗ ಎಂದು ಹಾಸಿಗೆಯ ಸ್ಪಂಜನ್ನು ಗೋಡೆಗೆ ಅಂಟಿಸುವವರಿದ್ದಾರೆ. 2003ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಒಂದು ಸಂಗೀತದ ಹಾಲ್‌ನಲ್ಲಿ ಸದ್ದು ತಡೆಯಲೆಂದು ಅಂಟಿಸಿದ್ದ ಇಂಥ ಸ್ಪಂಜಿಗೆ ವೇದಿಕೆಯ ಬಾಣಬಿರುಸಿನ ಕಿಡಿ ತಗುಲಿತು. ನೂರು ಜನ ಸತ್ತರು. ಮನೆಯಲ್ಲಿ ತಬಲಾ ಕೋಣೆಗೆ ಮೊಟ್ಟೆಯ ಟ್ರೇ ಹೊಡೆಯುವ ಹವ್ಯಾಸವೂ ಬೇಡ. ಅವು ಹೀರುವುದು ಅಲ್ಪ, ಉರಿಯುವುದು ಬೇಗ. ಯಾವ ಹೊದಿಕೆ ಕೊಂಡರೂ ಬೆಂಕಿಯ ಪರೀಕ್ಷೆಯ ಪತ್ರ ಕೇಳಿ ಪಡೆಯಬೇಕು.

ಹೀರುವುದೂ ತಡೆಯುವುದೂ ಎರಡು ಬೇರೆ ಖಾತೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಓಣಿಯಲ್ಲಿ ಅಂಗಡಿಗಳ ಮೇಲಿನ ಮಹಡಿಯಲ್ಲಿ ಒಂದು ಜಿಮ್ ಶುರುವಾಯಿತು. ಬೆಳಗಿನ ಐದಕ್ಕೇ ತೂಕದ ತಟ್ಟೆ ಎತ್ತಿ ಬಿಸಾಡುವ ‘ಧಡಾರ್’, ಮೇಲೆ ಹಾಡು. ಗೋಡೆ ಕೂಡಿಯೇ ಇರುವ ನಮ್ಮ ಮನೆಯಲ್ಲಿ ಪಾತ್ರೆ ಗಲಗಲ. ಮಾಲೀಕರು ಸಜ್ಜನರು, ಒಳಗೆ ಗೋಡೆ ತುಂಬ ಮೆತ್ತೆ ಹೊಡೆಸಿದರು. ಒಳಗಿನವರಿಗೆ ಹಿತವಾಯಿತು, ನಮಗೆ ಧಡಾರ್ ಹಾಗೇ ಇತ್ತು. ಅದು ಗಾಳಿಯಲ್ಲಿ ಬರುವ ಸದ್ದಲ್ಲ, ಕಾಂಕ್ರೀಟಿನ ಒಳಗೇ ನಡೆದು ಬರುವ ಸದ್ದು. ಕೊನೆಗೆ ತೂಕ ಎತ್ತುವ ಜಾಗದಲ್ಲಿ ದಪ್ಪ ರಬ್ಬರಿನ ಹಾಸು ಎರಡು ಪದರ ಹಾಕಿ, ಹಾಡಿನ ಸ್ಪೀಕರನ್ನು ಗೋಡೆಯಿಂದ ಬಿಡಿಸಿ ಸ್ಟ್ಯಾಂಡಿನ ಮೇಲಿಟ್ಟ ಮೇಲೆ ಬಹುಪಾಲು ಅಡಗಿತು. ಐದು ಗಂಟೆಯ ಹಾಡು ಆರಕ್ಕೆ ಸರಿಯಿತು. 2000ದ ಶಬ್ದಮಾಲಿನ್ಯ ನಿಯಮದಲ್ಲಿ ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರರವರೆಗೆ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ನಾನು ಆ ಹಾಳೆಯನ್ನು ಜಗಳಕ್ಕೆ ಒಯ್ಯಲಿಲ್ಲ, ಚಹಾಕ್ಕೆ ಒಯ್ದೆ.

ಈಗ ನಮ್ಮ ಬಡಾವಣೆಯ ಸಮೀಪದ ಶಾಲೆಯೊಂದು ಹಳೆ ವಿದ್ಯಾರ್ಥಿಗಳ ದೇಣಿಗೆಯಿಂದ ಇಂಥದೇ ಹಾಲ್ ಕಟ್ಟಲು ಹೊರಟಿದೆ. ‘ಬ್ಯಾಂಕಿನವರು, ಲೆಕ್ಕ ನೋಡ್ರಿ’ ಎಂದು ಅಂದಾಜುಪಟ್ಟಿ ನನ್ನ ಕೈಗಿಟ್ಟರು. ನೆಲ ಇತ್ತು, ದೀಪ ಇತ್ತು, ಅಂಕ ತೋರಿಸುವ ವಿದ್ಯುತ್ ಫಲಕ ಇತ್ತು, ದಾನಿಗಳ ಹೆಸರಿನ ಗ್ರಾನೈಟ್ ಕಲ್ಲೂ ಇತ್ತು. ಸದ್ದಿಗೆ ಒಂದು ಸಾಲೂ ಇರಲಿಲ್ಲ. ‘ಮೊದಲು ಕಟ್ಟೋಣು, ಗದ್ದಲಾದರ ಆಮೇಲೆ ನೋಡೋಣು’ ಎಂದರು ಒಬ್ಬರು. ಆಮೇಲೆ ಎಂದರೆ ಹಾಸಿದ ಮರದ ನೆಲದ ಮೇಲೆ ಎಂಟು ಮೀಟರಿನ ಸಾರ್ವೆ ನಿಲ್ಲಿಸಬೇಕು, ದೀಪ ಇಳಿಸಬೇಕು, ಒಂದು ತಿಂಗಳು ಆಟ ನಿಲ್ಲಿಸಬೇಕು. ಈಗಲಾದರೆ ಚಾವಣಿಯ ತಗಡು ಕೂಡಿಸುವಾಗಲೇ ಕೆಳಗೆ ಹೊದಿಕೆ ಸೇರುತ್ತದೆ. ಮಳೆ ಬಡಿಯುವ ಸದ್ದೂ ತಗ್ಗುತ್ತದೆ, ಬಿಸಿಲಿನ ಕಾವೂ ತಗ್ಗುತ್ತದೆ. ಮೇಲಿನ 7.7, 2.4, 1.4ರ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಪಟ್ಟಿಗೆ ಪಿನ್ ಹೊಡೆದು ಕೊಟ್ಟಿದ್ದೇನೆ. ಶ್ರವಣಯಂತ್ರದ ಹುಡುಗ ಓದುವುದು ಅದೇ ಶಾಲೆಯಲ್ಲಿ, ಅದನ್ನೂ ಕೆಳಗೆ ಬರೆದಿದ್ದೇನೆ. ಮುಂದಿನ ತಿಂಗಳು ಸಭೆ. ಗ್ರಾನೈಟ್ ಕಲ್ಲು ಚಿಕ್ಕದಾದರೂ ನಡೆದೀತು ಎಂಬುದು ನನ್ನ ಮತ.

ಮಕ್ಕಳಿಗೆ ಈ ವಾರದ ಕೆಲಸ. ಮನೆಗೆ ಸುಣ್ಣ ಹೊಡೆಸಲು ಸಾಮಾನೆಲ್ಲ ಹೊರಗಿಟ್ಟ ದಿನ ಖಾಲಿ ಕೋಣೆಯ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಆಮೇಲೆ ಅಜ್ಜಿಯ ಪೆಟ್ಟಿಗೆಯಿಂದ ನಾಲ್ಕು ಕೌದಿ ಕೇಳಿ ತಂದು, ಗೋಡೆಯಿಂದ ಗೇಣು ದೂರ ಹಗ್ಗ ಕಟ್ಟಿ ತೂಗುಹಾಕಿ, ಮತ್ತೆ ತಟ್ಟಿ. ಸಬೀನ್‌ನ ಮೆತ್ತೆಗಿಂತ ನಮ್ಮ ಕೌದಿ ಏನು ಕಡಿಮೆ? ನಿಮ್ಮ ಶಾಲೆಯಲ್ಲಿ ಆಟದ ಹಾಲ್ ಇದ್ದರೆ, ಯಾರೂ ಇಲ್ಲದಾಗ ದೊಡ್ಡ ಬಲೂನೊಂದನ್ನು ಒಡೆದು, ಸದ್ದು ಪೂರ್ತಿ ಅಡಗುವವರೆಗಿನ ಸೆಕೆಂಡುಗಳನ್ನು ಮೊಬೈಲಿನ ಗಡಿಯಾರದಲ್ಲಿ ಹಿಡಿಯಿರಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಹಾಲ್‌ನ ಉದ್ದ, ಅಗಲ, ಎತ್ತರದ ಜೊತೆ ಬರೆದು ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಕಳಿಸಿ. ಉಳಿದ ಲೆಕ್ಕ ನಾನು ಹಾಕುತ್ತೇನೆ. ಬಲೂನು ಒಡೆಯುವ ಮುಂಚೆ ಕಾವಲುಗಾರರಿಗೆ ಒಂದು ಮಾತು ಹೇಳಿರಿ.